ಲಕ್ವ ಹೊಡೆದಾಗ ಮೆದುಳಿನ ಕೋಶ ಉಳಿಸುವುದು: ಮುಂಬೈ, ಪುಣೆ, ಗೋವಾದ ಕನ್ನಡ ಮನೆಗಳಿಗೆ

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಸೇರಿಸಿದ ಮೊದಲ ದಿನವೇ ಮನೆಯವರು ಕೇಳುವ ಮಾತು: "ಮೆದುಳಿಗೆ ಶಕ್ತಿ ಕೊಡುವ ಇಂಜೆಕ್ಷನ್ ಇದೆಯಂತಲ್ಲ, ಎಷ್ಟಾದರೂ ಆಗಲಿ, ಅದನ್ನು ಹಾಕಿಸಿ." ಅದಕ್ಕೆ ದುಡ್ಡು ಹೊಂದಿಸುವ ಗಡಿಬಿಡಿಯಲ್ಲಿ ರೋಗಿಯ ಮೈ 38.5 ಡಿಗ್ರಿಗೆ ಏರಿದ್ದನ್ನು ಯಾರೂ ನೋಡಿರುವುದಿಲ್ಲ. ರಕ್ತ ಕಡಿಮೆಯಾದ ಮೆದುಳಿನಲ್ಲಿ ಎಷ್ಟು ಕೋಶ ಉಳಿಯುತ್ತದೆ ಎಂಬುದು ಆ ಇಂಜೆಕ್ಷನ್‌ಗಿಂತ ಹೆಚ್ಚಾಗಿ ಗಡಿಯಾರ, ಜ್ವರ, ಶುಗರ್, ಬಿಪಿ, ನುಂಗುವಿಕೆ ಈ ಐದನ್ನು ಅವಲಂಬಿಸಿದೆ. ಐದರಲ್ಲೂ ಮನೆಯವರ ಕೈಯಲ್ಲಿ ಆಗುವ ಕೆಲಸವಿದೆ. ಮುಂದೆ ಔಷಧಿಯ ಪ್ರಮಾಣಗಳನ್ನು ಬರೆದಿರುವುದು ನೀವೇ ಕೊಡಲಿ ಎಂದಲ್ಲ, ವಾರ್ಡಿನಲ್ಲಿ ನಡೆಯುತ್ತಿರುವುದು ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳುವಂತಾಗಲಿ ಎಂದು.

ಒಳಗೆ ನಡೆಯುವುದೇನು

ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2. ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು 20 ಭಾಗ ಅದಕ್ಕೇ ಬೇಕು, ಕೂಡಿಡುವ ವ್ಯವಸ್ಥೆಯೂ ಇಲ್ಲ. ಆರೋಗ್ಯವಂತರಲ್ಲಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ಕೋಶ ಕೆಲಸ ನಿಲ್ಲಿಸುತ್ತದೆ, ಕೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಆದರೆ ಕೋಶ ಇನ್ನೂ ಸತ್ತಿಲ್ಲ. 10ಕ್ಕಿಂತ ಕೆಳಗೆ ಹೋದ ಭಾಗ ಮಾತ್ರ ನಿಮಿಷಗಳಲ್ಲಿ ಸಾಯುತ್ತದೆ. ಸತ್ತ ನಡುಭಾಗದ ಸುತ್ತ ಹೀಗೆ ಕೆಲಸ ನಿಲ್ಲಿಸಿ ಜೀವ ಹಿಡಿದುಕೊಂಡ ಅಂಚಿನ ವಲಯವೊಂದು ಇರುತ್ತದೆ. ಚಿಕಿತ್ಸೆಯೆಲ್ಲ ಆ ಅಂಚಿಗಾಗಿ. ದೊಡ್ಡ ರಕ್ತನಾಳವೇ ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಹೋಗುತ್ತದೆ ಎಂಬ ಲೆಕ್ಕ 2006ರಲ್ಲಿ ಬಂತು. ವೈದ್ಯರು ಇವತ್ತಿಗೂ ಹೇಳುವುದು ಅದನ್ನೇ.

ಮೆದುಳಿನ ನೀರು ತೆಗೆದರೆ ಉಳಿಯುವುದರಲ್ಲಿ ಹೆಚ್ಚು ಕಡಿಮೆ ಅರ್ಧ ಕೊಬ್ಬು. ಅದು ಹೊಟ್ಟೆಯ ಸುತ್ತ ಸೇರುವಂಥ ಕೊಬ್ಬಲ್ಲ. ಪ್ರತಿ ಕೋಶದ ಹೊರಪೊರೆ, ನರದ ತಂತುವಿನ ಮೇಲಿನ ಹೊದಿಕೆ ಎಲ್ಲ ಕಟ್ಟಿರುವುದು ಅದರಿಂದಲೇ. ರಕ್ತ ನಿಂತಾಗ ಕೋಶಕ್ಕೆ ಶಕ್ತಿ ಸಾಲದೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಅದರಿಂದ ಫಾಸ್ಫೋಲಿಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಪೊರೆಯ ಕೊಬ್ಬನ್ನೇ ಕತ್ತರಿಸತೊಡಗುತ್ತವೆ. ರಕ್ತ ನಿಂತ ನಿಮಿಷಗಳಲ್ಲೇ ಬಿಡಿ ಕೊಬ್ಬಿನಾಮ್ಲಗಳು ರಾಶಿ ಬೀಳುವುದನ್ನು ವಿಜ್ಞಾನಿ ನಿಕೊಲಾಸ್ ಬಜಾನ್ 1970ರಲ್ಲೇ ಪ್ರಾಣಿಗಳ ಮೆದುಳಿನಲ್ಲಿ ತೋರಿಸಿದ್ದರು.

ಎರಡನೇ ಪೆಟ್ಟು ಬೀಳುವುದು ರಕ್ತ ಮರಳಿ ಬಂದಾಗ. ಮೆದುಳಿನ ಪೊರೆಯಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಧಾರಾಳವಾಗಿದೆ. ಅದರ ಸರಪಳಿಯಲ್ಲಿ ಆರು ದ್ವಿಬಂಧಗಳು (ಡಬಲ್ ಬಾಂಡ್), ಪ್ರತಿಯೊಂದರ ಬದಿಯೂ ಆಮ್ಲಜನಕ ಕಚ್ಚಲು ಸುಲಭವಾದ ಜಾಗ. ಶೇಂಗಾ ಎಣ್ಣೆಯ ಡಬ್ಬ ತೆರೆದಿಟ್ಟರೆ ಕಮಟು ಹಿಡಿಯುವುದೂ ಇದೇ ರಸಾಯನಕ್ರಿಯೆಯಿಂದ. ಮೆದುಳಿನಲ್ಲಿ ಅದು ಕಬ್ಬಿಣದ ಅಯಾನುಗಳ ನೆರವಿನಿಂದ ಬಿರುಸಾಗಿ ನಡೆಯುತ್ತದೆ. ಒಂದು ಅಣು ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ತಡೆಯಲು ಕೋಶದಲ್ಲಿ ವಿಟಮಿನ್ ಇ, ಗ್ಲುಟಾಥಯೋನ್ ಮುಂತಾದ ಕಾವಲುಗಳಿವೆ. ಜ್ವರ ಏರಿದರೆ ಈ ಕ್ರಿಯೆ ಚುರುಕಾಗುತ್ತದೆ. ಶುಗರ್ ಏರಿದರೆ ಹಸಿದ ಕೋಶದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ, ಆ ಹುಳಿಗೆ ಪ್ರೋಟೀನುಗಳಲ್ಲಿ ಬಂಧಿಯಾಗಿದ್ದ ಕಬ್ಬಿಣ ಬಿಡುಗಡೆಯಾಗಿ ಕೊಬ್ಬು ಇನ್ನಷ್ಟು ಕೆಡುತ್ತದೆ. ವಾರ್ಡಿನಲ್ಲಿ ನರ್ಸ್ ಥರ್ಮಾಮೀಟರ್, ಗ್ಲುಕೋಮೀಟರ್ ಹಿಡಿದು ಪದೇ ಪದೇ ಬರುವುದಕ್ಕೆ ಕಾರಣ ಇದು.

ಮನೆಯಲ್ಲಿ ಮೊದಲ ಹತ್ತು ನಿಮಿಷ

ನಗಲು ಹೇಳಿ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ ನೋಡಿ. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿ, ಹತ್ತು ಎಣಿಸುವಷ್ಟರಲ್ಲಿ ಒಂದು ಕೈ ಕೆಳಗೆ ಜಾರುತ್ತದೆಯೇ ನೋಡಿ. "ನಿನ್ನೆ ಸಂಜೆ ಮಳೆ ಜೋರಾಗಿ ಬಂತು" ಎಂದು ಹೇಳಿಸಿ. ತೊದಲಿದರೂ, ಬೇರೆ ಪದ ಬಂದರೂ, ಏನೂ ಬಾರದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದ್ದಕ್ಕಿದ್ದಂತೆ ಸಮತೋಲ ತಪ್ಪುವುದು, ಒಂದು ಕಣ್ಣು ಕತ್ತಲಾಗುವುದು, ವಸ್ತು ಎರಡೆರಡಾಗಿ ಕಾಣುವುದು ಕೂಡ ಲಕ್ಷಣವೇ. ನೋವು ಇರಲೇಬೇಕೆಂದಿಲ್ಲ, ಬಹಳ ಸಲ ಇರುವುದೇ ಇಲ್ಲ. ಹಾಗಾಗಿಯೇ "ಸ್ವಲ್ಪ ಮಲಗಿದರೆ ಸರಿಹೋದೀತು" ಎಂದು ಎರಡು ಗಂಟೆ ಕಳೆದುಹೋಗುತ್ತದೆ.

ಕೊನೆಯದಾಗಿ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ತಕ್ಷಣ ಬರೆದಿಡಿ. ಬಿದ್ದದ್ದನ್ನು ನೀವು ನೋಡಿದ ಹೊತ್ತು ಬೇರೆ, ಇದು ಬೇರೆ. ಬೆಳಗ್ಗೆ ಆರಕ್ಕೆ ಎದ್ದಾಗ ಕೈ ಆಡುತ್ತಿಲ್ಲ, ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದ್ದರು ಎಂದಾದರೆ ಬರೆಯಬೇಕಾದ್ದು ರಾತ್ರಿ ಹತ್ತು. ನಡುರಾತ್ರಿ ಬಚ್ಚಲಿಗೆ ಎದ್ದು ಸರಿಯಾಗಿ ನಡೆದದ್ದನ್ನು ಯಾರಾದರೂ ನೋಡಿದ್ದರೆ ಆ ಹೊತ್ತು. ಔಷಧಿ ಕೊಡಬಹುದೇ ಇಲ್ಲವೇ ಎಂಬುದು ಎಷ್ಟೋ ಸಲ ಈ ಒಂದು ಸಂಖ್ಯೆಯಿಂದ ತೀರ್ಮಾನವಾಗುತ್ತದೆ.

ಮಹಾರಾಷ್ಟ್ರ, ಗೋವಾ ಎರಡರಲ್ಲೂ ಆಂಬುಲೆನ್ಸ್‌ಗೆ 108. ಮರಾಠಿಯಲ್ಲಿ ಹೇಳುವುದಾದರೆ: "ಪ್ಯಾರಾಲಿಸಿಸ್‌ಚಾ ಝಟ್ಕಾ ಆಲಾಯ್, ಸಾಡೇಸಾತ್‌ಪರ್ಯಂತ್ ಠೀಕ್ ಹೋತ್ಯಾ." ಅಂದರೆ ಲಕ್ವ ಹೊಡೆದಿದೆ, ಏಳೂವರೆವರೆಗೆ ಸರಿಯಾಗಿದ್ದರು ಎಂದು. ಹಿಂದಿಯೂ ನಡೆಯುತ್ತದೆ, ಹೊತ್ತು ಮಾತ್ರ ಬಿಡಬೇಡಿ. ಚಾಳಿನಲ್ಲೋ ಲಿಫ್ಟ್ ಇಲ್ಲದ ಹಳೆ ಕಟ್ಟಡದಲ್ಲೋ ಇದ್ದರೆ ಆಂಬುಲೆನ್ಸ್ ಬರುವಷ್ಟರಲ್ಲಿ ಗಟ್ಟಿ ಕುರ್ಚಿ, ಅದಕ್ಕೆ ಕಟ್ಟಲು ಎರಡು ಬೆಡ್‌ಶೀಟ್, ಹೊರಲು ನಾಲ್ಕು ಜನರನ್ನು ಸಿದ್ಧ ಮಾಡಿ. ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಲೋಕಲ್ ಗಾಡಿಯಲ್ಲಿ ಆದರೆ ಎರಡು ಸ್ಟೇಷನ್ ನಡುವೆ ಚೈನ್ ಎಳೆಯಬೇಡಿ, ಮುಂದಿನ ಸ್ಟೇಷನ್‌ನಲ್ಲಿ ಇಳಿಸಿ ಸ್ಟೇಷನ್ ಮಾಸ್ಟರ್‌ಗೆ ಹೇಳಿ. ಅಷ್ಟರಲ್ಲಿ ಗಾಡಿಯಿಂದಲೇ 139ಕ್ಕೆ ಒಬ್ಬರು ಫೋನ್ ಮಾಡಲಿ.

ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಕಾಫಿ, ಗಂಜಿ, ತೀರ್ಥ ಏನೂ ಬೇಡ. ಆಸ್ಪಿರಿನ್ ಬೇಡ, ಏಕೆಂದರೆ ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ಸಿಟಿ ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹೃದಯಾಘಾತಕ್ಕೆ ಹೇಳುವ ಸಲಹೆಯನ್ನು ಇಲ್ಲಿಗೆ ತರುವುದೇ ದೊಡ್ಡ ಗೊಂದಲ. ಬಿಪಿ 190 ತೋರಿಸಿತೆಂದು ನಾಲಿಗೆಯಡಿ ಮಾತ್ರೆ ಇಡಬೇಡಿ. ಕಟ್ಟಿದ ನಾಳವನ್ನು ಸುತ್ತಿ ಬೇರೆ ದಾರಿಯಿಂದ ಅಂಚಿನ ವಲಯಕ್ಕೆ ರಕ್ತ ತಲುಪುತ್ತಿರುವುದು ಆ ಒತ್ತಡದಿಂದಲೇ. ಅದನ್ನು ಥಟ್ಟನೆ ಇಳಿಸಿದರೆ ಉಳಿಯಬೇಕಾದ ಭಾಗವೂ ಸಾಯುತ್ತದೆ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬರಿಸಿ ಎಂಬ ವಾಟ್ಸಾಪ್ ಸಂದೇಶಕ್ಕೆ ಯಾವ ಆಧಾರವೂ ಇಲ್ಲ. ಗ್ಲುಕೋಮೀಟರ್ ಇದ್ದರೆ ಒಂದು ಹನಿ ತೆಗೆದು ನೋಡುವುದು ಮಾತ್ರ ಉಪಯೋಗದ ಚುಚ್ಚು. ಶುಗರ್ ಬಹಳ ಇಳಿದರೂ ಲಕ್ವದ ಹಾಗೆಯೇ ಕಾಣಬಹುದು, ಆ ಸಂಖ್ಯೆಯನ್ನು ಆಂಬುಲೆನ್ಸ್‌ನವರಿಗೆ ಹೇಳಿ. ವಾಂತಿಯಾಗುತ್ತಿದ್ದರೆ, ಎಚ್ಚರ ಕಡಿಮೆಯಿದ್ದರೆ ಮಗ್ಗುಲಾಗಿ ಮಲಗಿಸಿ.

ಹೋಗಬೇಕಾದ್ದು ಹತ್ತಿರದ ನರ್ಸಿಂಗ್ ಹೋಮ್‌ಗಲ್ಲ, ಆ ಹೊತ್ತಿನಲ್ಲಿ ಸಿಟಿ ಸ್ಕ್ಯಾನ್ ನಡೆಯುವ, ಹೆಪ್ಪು ಕರಗಿಸುವ ಔಷಧಿ ಕೊಡುವ ಆಸ್ಪತ್ರೆಗೆ. "ಮೊದಲು ಇಲ್ಲಿ ಒಂದು ಸಲೈನ್ ಹಾಕಿಸೋಣ" ಎಂದು ನಿಂತರೆ ಒಂದೂವರೆ ಗಂಟೆ ಹೋಗುತ್ತದೆ, ಆಮೇಲೆ ಹೇಗೂ ಅಲ್ಲಿಂದ ಕಳಿಸುತ್ತಾರೆ. ಮುಂಬೈಯಲ್ಲಿ ಪರೇಲಿನ ಕೆಇಎಂ, ಸಾಯನ್, ನಾಯರ್, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಲಿಯ ಮೆಡಿಕಲ್ ಕಾಲೇಜು ದೊಡ್ಡ ಸರಕಾರಿ ಆಸ್ಪತ್ರೆಗಳು. ಡೊಂಬಿವಿಲಿಯಲ್ಲಿರುವವರು ಸಂಜೆಯ ಟ್ರಾಫಿಕ್‌ನಲ್ಲಿ ಪರೇಲಿಗೆ ಹೊರಡುವ ಬದಲು ಹತ್ತಿರದಲ್ಲಿ ಸೌಲಭ್ಯವಿರುವ ಆಸ್ಪತ್ರೆಯನ್ನು ಹುಡುಕುವುದೇ ಜಾಣತನ. ಕಾಣಕೋಣದ ಕಡೆಯವರು ಮಡಗಾಂವ್‌ನ ಜಿಲ್ಲಾಸ್ಪತ್ರೆಯಲ್ಲೇ ಆಗುತ್ತದೆಯೇ, ಬಾಂಬೋಲಿಗೇ ಹೋಗಬೇಕೇ ಎಂದು 108ರವರನ್ನೇ ಕೇಳಿ. ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿದ್ದರೆ ಇವತ್ತೇ ಎರಡು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ: ರಾತ್ರಿ ಸಿಟಿ ಮಾಡುತ್ತೀರಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟಾಕ್ ಇದೆಯಾ, ನಾಳದೊಳಗಿಂದ ಹೆಪ್ಪು ಎಳೆದು ತೆಗೆಯುವ ವ್ಯವಸ್ಥೆ ಇದೆಯಾ? ಉತ್ತರ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಕ್ಯಾಶುಯಲ್ಟಿಯಲ್ಲಿ

ಊರಿಂದ ಮಗನ ಮನೆಗೆ ಬಂದ ಅಮ್ಮನಿಗೆ ಕನ್ನಡವೋ ತುಳುವೋ ಬಿಟ್ಟರೆ ಬೇರೆ ಬಾರದು. ಡಾಕ್ಟರ್ ಹಿಂದಿಯಲ್ಲಿ "ಕಣ್ಣು ಮುಚ್ಚಿ, ಕೈ ಮೇಲೆತ್ತಿ" ಎಂದರೆ ಸುಮ್ಮನೆ ನೋಡುತ್ತಾರೆ. ಅದು ಭಾಷೆ ಬಾರದ ಮೌನವೋ, ಮಾತಿನ ಕೇಂದ್ರಕ್ಕೆ ಪೆಟ್ಟು ಬಿದ್ದ ಮೌನವೋ? ಎರಡೂ ಕಡೆಗೆ ತಪ್ಪಾಗಬಹುದು: ಮಾತು ಹೋಗಿದ್ದರೂ "ಭಾಷೆ ಬರಲ್ಲ" ಎಂದು ಬಿಟ್ಟುಬಿಡಬಹುದು, ಇಲ್ಲವೇ ಇಲ್ಲದ ತೊಂದರೆಗೆ ಅಂಕ ಸೇರಬಹುದು. ಪೆಟ್ಟಿನ ತೀವ್ರತೆಗೆ ಹಾಕುವ ಅಂಕಗಳಲ್ಲಿ ಮಾತಿಗೂ ಆಜ್ಞೆ ಪಾಲಿಸುವುದಕ್ಕೂ ಪಾಲಿದೆ. ಆದ್ದರಿಂದ "ಇವರಿಗೆ ಕನ್ನಡ ಮಾತ್ರ ಬರುತ್ತದೆ, ನೀವು ಹೇಳಿದ್ದನ್ನು ನಾನು ಹೇಳುತ್ತೇನೆ" ಎಂದು ಪಕ್ಕದಲ್ಲೇ ನಿಲ್ಲಿ. ಡಾಕ್ಟರ್ ಹೇಳಿದ್ದನ್ನಷ್ಟೇ ಹೇಳಿ. ಕೈಸನ್ನೆ ಮಾಡಿ ತೋರಿಸಿದರೆ ಪರೀಕ್ಷೆ ಕೆಟ್ಟಿತು. ಉತ್ತರ ಅಸಂಬದ್ಧವಾಗಿದ್ದರೆ ತಿದ್ದಿ ಹೇಳಬೇಡಿ, ಅಸಂಬದ್ಧವಾಗಿದೆ ಎಂದೇ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಡುವ ಹೊತ್ತಲ್ಲ.

ತಿನ್ನುವ ಮಾತ್ರೆಗಳ ಪಟ್ಟಿ ಬೇಕು. ಅದರಲ್ಲೂ ರಕ್ತ ತೆಳುವಾಗಿಸುವ ವಾರ್ಫರಿನ್, ಅಸೆನೊಕೊಮರಾಲ್, ಡಾಬಿಗಾಟ್ರಾನ್‌ನಂಥವು ಇದ್ದರೆ ಕೊನೆಯ ಮಾತ್ರೆ ತಿಂದ ಹೊತ್ತು ಬೇಕು. ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಮೆದುಳಿನಲ್ಲಿ ಹಿಂದೆಂದಾದರೂ ರಕ್ತಸ್ರಾವ ಆಗಿದ್ದರೆ ಹೇಳಿ. ತೂಕವೂ ಬೇಕು, ಔಷಧಿಯ ಲೆಕ್ಕ ನಿಂತಿರುವುದು ಅದರ ಮೇಲೆ.

ಸಿಟಿ "ನಾರ್ಮಲ್" ಬಂತೆಂದು ಸಮಾಧಾನಪಟ್ಟು ಮನೆಗೆ ಹೊರಡುವವರಿದ್ದಾರೆ. ನಾಳ ಕಟ್ಟಿದ ಮೊದಲ ಗಂಟೆಗಳಲ್ಲಿ ಸಿಟಿಯಲ್ಲಿ ಏನೂ ಕಾಣದಿರುವುದೇ ಸಾಮಾನ್ಯ. ಆಗ ನೋಡುವುದು ರಕ್ತ ಸೋರಿಲ್ಲ ಎಂಬುದನ್ನು. ಸೋರಿಲ್ಲದಿದ್ದರೆ, ನಾಲ್ಕೂವರೆ ಗಂಟೆಯೊಳಗಿದ್ದರೆ, ಬೇರೆ ಅಡ್ಡಿಯಿಲ್ಲದಿದ್ದರೆ ಹೆಪ್ಪು ಕರಗಿಸುವ ಔಷಧಿ. ಆಲ್ಟೆಪ್ಲೇಸ್ ಆದರೆ ಕಿಲೋಗೆ 0.9 ಮಿ.ಗ್ರಾಂ, ಹೆಚ್ಚೆಂದರೆ 90. ಅಂದರೆ 60 ಕಿಲೋದವರಿಗೆ 54 ಮಿ.ಗ್ರಾಂ, 5.4 ಒಮ್ಮೆಗೇ, ಉಳಿದ 48.6 ಒಂದು ಗಂಟೆಯಲ್ಲಿ. ಟೆನೆಕ್ಟೆಪ್ಲೇಸ್ ಆದರೆ ಕಿಲೋಗೆ 0.25, ಹೆಚ್ಚೆಂದರೆ 25 ಮಿ.ಗ್ರಾಂ, ಒಂದೇ ಚುಚ್ಚು. ಅಪಾಯವೂ ಇದೆ: 1995ರ ಮೊದಲ ದೊಡ್ಡ ಪ್ರಯೋಗದಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಬಿಗಡಾಯಿಸಿತ್ತು. ಹಾಗಿದ್ದೂ ಮೂರು ತಿಂಗಳ ಮೇಲೆ ತಮ್ಮ ಕೆಲಸ ತಾವು ಮಾಡಿಕೊಳ್ಳುವವರ ಸಂಖ್ಯೆ ಔಷಧಿ ಪಡೆದವರಲ್ಲೇ ಹೆಚ್ಚು. ಸಹಿ ಹಾಕುವ ಮುಂಚೆ ಉಡುಪಿಯ ಮಾವನಿಗೆ, ಅವರ ಪರಿಚಯದ ಡಾಕ್ಟರಿಗೆ, ದುಬೈಯ ತಮ್ಮನಿಗೆ ಫೋನ್ ಹಚ್ಚಿ ಕೂತರೆ ಔಷಧಿಯ ಗುಣ ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಯಾರು ತೀರ್ಮಾನ ಮಾಡುವುದು ಎಂದು ಆಂಬುಲೆನ್ಸ್‌ನಲ್ಲೇ ಗೊತ್ತು ಮಾಡಿಕೊಳ್ಳಿ.

ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ಸಂದಿನಿಂದ ಕೊಳವೆ ಹಾಯಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವಿದೆ. ಅದಕ್ಕೆ ಲಕ್ವ ಹೊಡೆದ ಆರು ಗಂಟೆಯವರೆಗೆ ಅವಕಾಶ. ಸ್ಕ್ಯಾನಿನಲ್ಲಿ ಅಂಚಿನ ವಲಯ ಇನ್ನೂ ಉಳಿದಿದೆ ಎಂದು ಕಂಡರೆ 24 ಗಂಟೆಯವರೆಗೂ ಮಾಡಬಹುದು ಎಂದು 2018ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು (ಒಂದು 16 ಗಂಟೆಯವರೆಗೆ, ಇನ್ನೊಂದು 24ರವರೆಗೆ) ತೋರಿಸಿದವು. "ನಾಲ್ಕೂವರೆ ಗಂಟೆ ದಾಟಿತು, ಇನ್ನೇನು" ಎಂದು ಕೈಚೆಲ್ಲಬೇಡಿ, ಇದರ ಬಗ್ಗೆ ಕೇಳಿ.

ವಾರ್ಡಿನ ಮೂರು ದಿನ

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಹೊತ್ತು, ಜ್ವರ, ಶುಗರ್, ಬಿಪಿ, ಆಕ್ಸಿಜನ್ ಎಂದು ಐದು ಕಾಲಂ ಎಳೆಯಿರಿ. ಆಸ್ಪತ್ರೆಯ ಚಾರ್ಟ್ ಇದ್ದೇ ಇರುತ್ತದೆ. ಆದರೆ ಪಾಳಿ ಬದಲಾಗುವಾಗ, ವಾರ್ಡ್ ತುಂಬಿದಾಗ ಮೊದಲು ತಪ್ಪುವುದು ಈ ಸಣ್ಣ ಕೆಲಸಗಳೇ. ಆಸ್ಟ್ರೇಲಿಯಾದಲ್ಲಿ ದಾದಿಯರೇ ಮುಂದೆ ನಿಂತು ಮೊದಲ 72 ಗಂಟೆ ಜ್ವರ, ಶುಗರ್, ನುಂಗುವಿಕೆ ಈ ಮೂರನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಿಕೊಂಡ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅಂಥ ಘಟಕಗಳಲ್ಲಿದ್ದವರಲ್ಲಿ 90 ದಿನಗಳ ಮೇಲೆ ಸಾವು ಅಥವಾ ಪರಾವಲಂಬನೆ ಸ್ಪಷ್ಟವಾಗಿ ಕಡಿಮೆಯಿತ್ತು. ಹೊಸ ಔಷಧಿ ಒಂದೂ ಇರಲಿಲ್ಲ.

ಜ್ವರ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಫ್ಯಾರನ್‌ಹೀಟ್ ಮುಟ್ಟಿದರೆ ಹೇಳಿ. "ಸ್ವಲ್ಪ ಮೈ ಬೆಚ್ಚಗಿದೆ ಅಷ್ಟೆ" ಎಂಬ ಮಾತು ಇಲ್ಲಿ ಸಲ್ಲದು. ಬಾಯಿಂದ ಕೊಡುವಂತಿಲ್ಲದಿದ್ದರೆ ಪ್ಯಾರಸಿಟಮಾಲನ್ನು ನಳಿಕೆಯಿಂದ, ಸೂಜಿಯಿಂದ, ಗುದದ್ವಾರದಿಂದ ಕೊಡುವ ದಾರಿಗಳಿವೆ. ಮಳೆಗಾಲದ ಮುಂಬೈಯಲ್ಲಿ ಜ್ವರ ಅಂದಕೂಡಲೇ ಮಲೇರಿಯಾ, ಡೆಂಗ್ಯೂ ನೆನಪಾಗುತ್ತದೆ. ಲಕ್ವದ ಮೂರನೇ ದಿನದ ಜ್ವರಕ್ಕೆ ಮೊದಲು ನೋಡಬೇಕಾದ್ದು ಎದೆ, ಆಮೇಲೆ ಮೂತ್ರದ ನಳಿಕೆ, ಸಲೈನ್ ಸೂಜಿ ಚುಚ್ಚಿದ ಜಾಗ.

ಶುಗರ್ 140ರಿಂದ 180ರ ನಡುವೆ ಇದ್ದರೆ ಸಾಕು. ಇನ್ನೂ ಬಿಗಿಯಾಗಿ ಇಳಿಸಿದರೆ ಲಾಭವಿಲ್ಲ, ಶುಗರ್ ಕುಸಿಯುವ ಭಯ ಮಾತ್ರ ಹೆಚ್ಚು. 2019ರ ಪ್ರಯೋಗ ಇದನ್ನೇ ಹೇಳಿತು. 60ಕ್ಕಿಂತ ಕೆಳಗೆ ಬಂದರೆ ಕೂಡಲೇ ಗ್ಲೂಕೋಸ್ ಬೇಕು. "ಊಟವಿಲ್ಲ, ನಿತ್ರಾಣವಾಗಿದ್ದಾರೆ, ಒಂದು ಗ್ಲೂಕೋಸ್ ಬಾಟಲಿ ಹಾಕಿ" ಎಂದು ಒತ್ತಾಯಿಸಬೇಡಿ. ಶುಗರ್ ಬಿದ್ದಿಲ್ಲದಿದ್ದರೆ ಹಾಕಬೇಕಾದ್ದು ಸಾದಾ ಉಪ್ಪುನೀರಿನ ಸಲೈನ್. ತೂಗುವ ಬಾಟಲಿಯ ಚೀಟಿ ಓದಿ: ಡೆಕ್ಸ್‌ಟ್ರೋಸ್ ಅಥವಾ ಡಿಎನ್‌ಎಸ್ ಎಂದಿದ್ದರೆ ಅದರಲ್ಲಿ ಸಕ್ಕರೆಯಿದೆ, ಯಾಕೆ ಎಂದು ಕೇಳಿ.

ಬಿಪಿಯ ಲೆಕ್ಕ ಎರಡು ಥರ. ಹೆಪ್ಪು ಕರಗಿಸುವ ಔಷಧಿ ಕೊಟ್ಟಿದ್ದರೆ ಮೊದಲ 24 ಗಂಟೆ 180/105 ದಾಟಬಾರದು, ಆಸ್ಪಿರಿನ್ ಕೂಡ ಆ 24 ಗಂಟೆ ಮತ್ತು ಇನ್ನೊಂದು ಸ್ಕ್ಯಾನ್ ಮುಗಿದ ಮೇಲೆ. ಕೊಟ್ಟಿಲ್ಲದಿದ್ದರೆ ಸಾಮಾನ್ಯವಾಗಿ 220/120 ದಾಟುವವರೆಗೆ ಮುಟ್ಟುವುದಿಲ್ಲ. ಮಾನಿಟರ್‌ನಲ್ಲಿ 195 ನೋಡಿ ನರ್ಸ್ ಜತೆ ಜಗಳಕ್ಕೆ ನಿಲ್ಲುವ ಮುಂಚೆ ಇದು ನೆನಪಿರಲಿ. ಆಕ್ಸಿಜನ್ ಬೆರಳಿನಲ್ಲಿ 94ಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಮಾಸ್ಕ್ ಬೇಕಿಲ್ಲ.

ನುಂಗುವುದು ಎಲ್ಲಕ್ಕಿಂತ ಹೆಚ್ಚು ಕೈತಪ್ಪುವ ಜಾಗ. ಸೋತ ಗಂಟಲಿನಲ್ಲಿ ನೀರು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮೂ ಬರದೆ ಇಳಿಯಬಹುದು. ನ್ಯುಮೋನಿಯಾ, ಅದರಿಂದ ಜ್ವರ, ಆ ಜ್ವರದಿಂದ ಮೆದುಳಿಗೆ ಮತ್ತೆ ಪೆಟ್ಟು. ತರಬೇತಾದವರು ನುಂಗುವ ಪರೀಕ್ಷೆ ಮಾಡಿ ಬರೆದುಕೊಡುವವರೆಗೆ ಒಂದು ಚಮಚ ನೀರೂ ಇಲ್ಲ. ಭೇಟಿ ಹೊತ್ತಿನಲ್ಲಿ ಬರುವ ನೆಂಟರು ಫ್ಲಾಸ್ಕ್‌ನಲ್ಲಿ ರಾಗಿ ಗಂಜಿ ತಂದಿರುತ್ತಾರೆ, ಮಂಚದ ತಲೆಯ ಕಡೆ "ಬಾಯಿಗೆ ಏನೂ ಕೊಡಬೇಡಿ" ಎಂದು ಒಂದು ಚೀಟಿ ತೂಗುಹಾಕಿ. ಪರೀಕ್ಷೆ ಪಾಸಾದ ಮೇಲೂ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಅರ್ಧ ಚಮಚದಷ್ಟು ಬಾಯಿಗಿಟ್ಟು, ನುಂಗಿದ್ದನ್ನು ನೋಡಿ ಮುಂದಿನದು ಕೊಡಿ. ತಿಳಿಸಾರಿಗಿಂತ ಮಂದ ಗಂಜಿ ಸುಲಭ. ಉಂಡ ಮೇಲೆ ಸೋತ ಕೆನ್ನೆಯ ಒಳಗೆ ಅನ್ನದಗುಳು ಸಿಕ್ಕಿಕೊಂಡಿರುತ್ತದೆ, ಬೆರಳಿಗೆ ಬಟ್ಟೆ ಸುತ್ತಿ ತೆಗೆಯಿರಿ. ಅರ್ಧ ಗಂಟೆ ಮಲಗಿಸಬೇಡಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಜೋರಾಗಿ ನಡೆಸುವುದು ಒಳ್ಳೆಯದಲ್ಲ ಎಂದು 2015ರಲ್ಲಿ ತಿಳಿದುಬಂದಿದೆ, ಫಿಸಿಯೋಥೆರಪಿ ಅವರು ಹೇಳಿದ ವೇಗದಲ್ಲೇ ಇರಲಿ.

ಮೆದುಳಿಗೆ ಶಕ್ತಿ ಕೊಡುವ ಆ ಇಂಜೆಕ್ಷನ್‌ನ ಕಥೆ

ಕೊಬ್ಬು ಕೆಡುವುದನ್ನು ತಡೆಯುವ ಔಷಧಿಗಾಗಿ ಹುಡುಕಾಟ ಕಡಿಮೆ ನಡೆದಿಲ್ಲ. ಎನ್‌ಎಕ್ಸ್‌ವೈ-059 ಎಂಬುದು 2006ರ ಪ್ರಯೋಗದಲ್ಲಿ ಆಸೆ ಹುಟ್ಟಿಸಿ, 2007ರ ದೊಡ್ಡ ಪ್ರಯೋಗದಲ್ಲಿ ಬಿದ್ದುಹೋಯಿತು. ಸಿಟಿಕೋಲಿನ್ ಪೊರೆಯ ಕೊಬ್ಬಿನ ಕಚ್ಚಾಸಾಮಗ್ರಿ, ಹಾಗಾಗಿ ಕೊಟ್ಟರೆ ಪೊರೆ ಮತ್ತೆ ಕಟ್ಟೀತು ಎಂಬ ತರ್ಕ ಚೆನ್ನಾಗಿಯೇ ಇತ್ತು. 2012ರಲ್ಲಿ ಪ್ರಕಟವಾದ, 2,298 ರೋಗಿಗಳ ಯುರೋಪಿನ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಎಡರವೋನ್ ಜಪಾನಿನಲ್ಲಿ 2001ರಿಂದ ಬಳಕೆಯಲ್ಲಿದೆ, ನಮ್ಮಲ್ಲೂ ಬರೆಯುತ್ತಾರೆ. ಆದರೆ ಎಲ್ಲ ದೇಶಗಳೂ ಒಪ್ಪುವಷ್ಟು ಪುರಾವೆ ಅದಕ್ಕಿಲ್ಲ. ಇಲಿಗೆ ಕೆಲಸ ಮಾಡಿದ್ದು ಮನುಷ್ಯನಿಗೆ ಏಕಿಲ್ಲ ಎಂಬುದಕ್ಕೆ ಮುಖ್ಯ ಕಾರಣ, ಪ್ರಯೋಗಾಲಯದಲ್ಲಿ ಔಷಧಿ ನಿಮಿಷಗಳಲ್ಲಿ ಸಿಗುತ್ತದೆ, ಮನುಷ್ಯನಿಗೆ ಗಂಟೆಗಳ ಮೇಲೆ. ಮೇಲಾಗಿ ರಕ್ತವೇ ಹೋಗದ ಜಾಗಕ್ಕೆ ರಕ್ತದಲ್ಲಿ ಹಾಕಿದ ಔಷಧಿ ಹೋಗುವುದು ಹೇಗೆ? ಡಾಕ್ಟರ್ ಬರೆದರೆ ಜಗಳ ಬೇಡ, ಬರೆಯದಿದ್ದರೆ ಸಾಲ ಮಾಡಿ ತರಿಸಬೇಡಿ. ಆ ದುಡ್ಡು ಮುಂದಿನ ಮೂರು ತಿಂಗಳ ಫಿಸಿಯೋಥೆರಪಿಗೆ ಇರಲಿ.

ಮನೆಗೆ ಬಂದ ಮೇಲೆ ಕೊಬ್ಬಿನ ವಿಚಾರ

"ಮೆದುಳೇ ಕೊಬ್ಬು ಅನ್ನುತ್ತೀರಿ, ಮತ್ತೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ ಯಾಕೆ?" ನ್ಯಾಯವಾದ ಪ್ರಶ್ನೆ. ಮೆದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ, ರಕ್ತದ ಕೊಲೆಸ್ಟರಾಲ್ ಒಳಗೆ ದಾಟುವುದೇ ಇಲ್ಲ ಎನ್ನಬಹುದು. ಅಟೊರ್ವಾಸ್ಟಾಟಿನ್ 40 ಅಥವಾ 80 ಮಿ.ಗ್ರಾಂ ಕೆಲಸ ಮಾಡುವುದು ನಾಳದ ಗೋಡೆಯ ಮೇಲೆ. ನಾಳಗಳಲ್ಲಿ ಕೊಬ್ಬು ಕಟ್ಟಿ ಲಕ್ವ ಆದವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 70ಕ್ಕಿಂತ ಕೆಳಗಿರಬೇಕು. ರಿಪೋರ್ಟ್ ಚೆನ್ನಾಗಿ ಬಂತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು. ಚೆನ್ನಾಗಿ ಬಂದದ್ದು ಮಾತ್ರೆಯಿಂದ.

ಡಿಎಚ್‌ಎ ಬೇಕೆಂದರೆ ಬಾಂಗಡಾ, ತಾರ್ಲಿ, ಅಂದರೆ ನಮ್ಮ ಬಂಗುಡೆ, ಬೂತಾಯಿ ವಾರಕ್ಕೆ ಎರಡು ಸಲ ಸಾಕು. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಒಳ್ಳೆಯ ಕೊಬ್ಬು ಹಾಳು, ಗಸಿ ಅಥವಾ ಪುಳಿಮುಂಚಿ ಮಾಡಿ, ಉಪ್ಪು ಕಡಿಮೆ ಹಾಕಿ. ಮೀನು ತಿನ್ನದವರು ಅಗಸೆಬೀಜದ ಚಟ್ನಿಪುಡಿ ತಿನ್ನಬಹುದು, ಆದರೆ ಅದರ ಒಮೆಗಾ-3 ದೇಹದಲ್ಲಿ ಡಿಎಚ್‌ಎ ಆಗಿ ಬದಲಾಗುವುದು ಅತ್ಯಲ್ಪ. ಹೆಚ್ಚು ಡೋಸಿನ ಫಿಶ್ ಆಯಿಲ್ ಮಾತ್ರೆಯಿಂದ ಹೃದಯದ ಬಡಿತ ಲಯ ತಪ್ಪುವ ಅಪಾಯ ಹೆಚ್ಚುತ್ತದೆ, ಹಾಗೆ ಲಯ ತಪ್ಪಿದರೆ ಹೃದಯದಿಂದ ಹೆಪ್ಪು ಮೆದುಳಿಗೆ ಹಾರಬಹುದು. ವಿಟಮಿನ್ ಇ ಕ್ಯಾಪ್ಸೂಲ್ ಸ್ವಂತ ಬುದ್ಧಿಯಿಂದ ಬೇಡ, ರಕ್ತಸ್ರಾವದ ಲಕ್ವ ಸ್ವಲ್ಪ ಹೆಚ್ಚುವ ಸೂಚನೆ ಅದಕ್ಕಿದೆ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಒಂದು ಚಹಾ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಹೋಟೆಲ್ ಕೆಲಸದವರು ಕೌಂಟರ್ ಸಾಂಬಾರಿನಲ್ಲೇ ಮೂರು ಹೊತ್ತು ಕಳೆದರೆ ಈ ಲೆಕ್ಕ ಮಧ್ಯಾಹ್ನಕ್ಕೇ ದಾಟುತ್ತದೆ. ಮನೆಯಲ್ಲಿ ನೋಡಿದ ಬಿಪಿ 130/80ರ ಕೆಳಗಿರಲಿ.

ಹತ್ತು ನಿಮಿಷ ಬಾಯಿ ಸೊಟ್ಟಗಾಗಿ ತಾನೇ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಂದಿನ ದೊಡ್ಡ ಪೆಟ್ಟಿನ ಸಾಧ್ಯತೆ ಮೊದಲ ಎರಡು ದಿನದಲ್ಲೇ ಅತಿ ಹೆಚ್ಚು. ಅಂಥವರಿಗೆ ಸ್ಕ್ಯಾನ್ ಆದ ಮೇಲೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಸುಮಾರು 21 ದಿನ ಕೊಟ್ಟು ಆಮೇಲೆ ಒಂದಕ್ಕೆ ಇಳಿಸುವುದು ರೂಢಿ. ಎರಡನ್ನೂ ವರ್ಷಗಟ್ಟಲೆ ಮುಂದುವರಿಸಿಕೊಂಡು ಹೋಗುತ್ತಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ. ಹಲ್ಲು ಕೀಳಿಸಲು ಹೋಗುವಾಗ ಆಸ್ಪಿರಿನನ್ನು ನೀವಾಗಿ ನಿಲ್ಲಿಸಬೇಡಿ. ಒಂದೆರಡು ಹಲ್ಲಿಗೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ, ಹತ್ತಿ ಕಚ್ಚಿ ಹಿಡಿದು ಅರ್ಧ ಗಂಟೆ ಕೂತರೆ ರಕ್ತ ನಿಲ್ಲುತ್ತದೆ.